350 ಬ್ಲಾಕಿನಲ್ಲಿ 383 ಸ್ಟ್ರೋಕರ್ ಕಟ್ಟುವ ಬಗೆ

ಷೆವ್ರೊಲೆಯ 350 ಸ್ಮಾಲ್ ಬ್ಲಾಕ್ ವಿ8 ಎಂಜಿನ್ನಿಗೆ ಅದೇ ಸಾಲಿನ 400ರ ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಕೊಟ್ಟು, ಬೋರ್ (ಸಿಲಿಂಡರಿನ ವ್ಯಾಸ) 0.030 ಇಂಚು ಹೆಚ್ಚಿಸಿದರೆ ಸಿಗುವುದೇ 383; ಈ ಸಂಖ್ಯೆಗಳೆಲ್ಲ ಘನ ಇಂಚಿನಲ್ಲಿ ಎಂಜಿನ್ನಿನ ಗಾತ್ರ. ಬೋರ್ 4.030, ಸ್ಟ್ರೋಕ್ 3.75 ಇಂಚು, ಒಟ್ಟು 6.27 ಲೀಟರ್. ರಸ್ತೆ ಕಾರಿಗೆ ಇದು ಹೊಂದುವುದು ಕಡಿಮೆ ಆರ್‌ಪಿಎಂನಲ್ಲೇ ಸಿಗುವ ಎಳೆತದಿಂದ. ಕ್ಯಾಮ್ (ವಾಲ್ವ್‌ಗಳನ್ನು ತೆರೆಯುವ ದಂಡ) ಆರಿಸುವಾಗ ಅದನ್ನು ಮರೆಯಬೇಡಿ.

ಹಳೆಯ 400 ಕ್ರ್ಯಾಂಕಿನ ಮೇನ್ ಜರ್ನಲ್ (ಬ್ಲಾಕಿನ ಬೇರಿಂಗಿನಲ್ಲಿ ಕೂರುವ ಭಾಗ) 2.65 ಇಂಚು, 350ರದ್ದು 2.45. ಗ್ರೈಂಡ್ ಮಾಡಿಸಿ ಕೂರಿಸಬಹುದು, ಆದರೆ 2.45 ಅಳತೆಯಲ್ಲೇ ಹೊಸ ಕ್ರ್ಯಾಂಕ್ ಸಿಗುವಾಗ ಆ ಖರ್ಚು ಬೇಡ. ಕೊಳ್ಳುವ ಮುಂಚೆ ಬ್ಲಾಕಿನ ಹಿಂಬದಿ ನೋಡಿ: 1986ರಿಂದ ಹಿಂದಿನ ಆಯಿಲ್ ಸೀಲ್ ಒಂದೇ ತುಂಡು, ಅದಕ್ಕೂ ಹಳೆಯದರಲ್ಲಿ ಎರಡು ತುಂಡು.

ಕ್ರ್ಯಾಂಕಿಗೆ ಪಿಸ್ಟನ್ ಜೋಡಿಸುವ ರಾಡ್ 6.0 ಇಂಚಿನದಾದರೆ ಪಿಸ್ಟನ್ನಿನ ಕಂಪ್ರೆಷನ್ ಹೈಟ್ (ಪಿನ್ನಿನ ನಡುವಿನಿಂದ ತಲೆಯವರೆಗಿನ ಎತ್ತರ) 1.125, 5.7 ಆದರೆ 1.425. ಲೆಕ್ಕ ಹಾಕಿ: ಅರ್ಧ ಸ್ಟ್ರೋಕ್ 1.875, ರಾಡ್ 6.0, ಪಿಸ್ಟನ್ 1.125, ಕೂಡಿದರೆ 9.000. ಬ್ಲಾಕಿನ ಡೆಕ್ (ಕ್ರ್ಯಾಂಕಿನ ನಡುವಿನಿಂದ ಬ್ಲಾಕಿನ ಮೇಲ್ಮೈಗೆ ಎತ್ತರ) 9.025. ಅಂದರೆ ಪಿಸ್ಟನ್ 0.025 ಕೆಳಗೇ ನಿಲ್ಲುತ್ತದೆ. ಅದರ ಮೇಲೆ 0.039 ಗ್ಯಾಸ್ಕೆಟ್ ಕೂತರೆ ಹೆಡ್ಡಿಗೂ ಪಿಸ್ಟನ್ನಿಗೂ ನಡುವೆ 0.064 ಅಂತರ, ನಾಕಿಂಗಿಗೆ (ಇಂಧನ ತಾನಾಗಿ ಸಿಡಿಯುವುದಕ್ಕೆ) ದಾರಿ. ಡೆಕ್ ಸವರಿಸಿ ಪಿಸ್ಟನ್ ಸಮಕ್ಕೆ ತಂದರೆ ಬರೀ 0.039 ಉಳಿಯುತ್ತದೆ. ಆಗ 64 ಸಿಸಿ ದಹನ ಕೋಣೆಯ ಹೆಡ್, ತಲೆಯಲ್ಲಿ 18 ಸಿಸಿ ತಗ್ಗಿರುವ ಡಿಶ್ ಪಿಸ್ಟನ್ ಇಟ್ಟರೆ ಕಂಪ್ರೆಷನ್ ಅನುಪಾತ ಸುಮಾರು 9.7, ಪಂಪಿನ ಪ್ರೀಮಿಯಂ ಪೆಟ್ರೋಲಿಗೆ ಸರಿಯಾದ ಮಟ್ಟ.

ಇಡೀ ಕೆಲಸದ ಜೀವಾಳ ಮಾಕಪ್ ಜೋಡಣೆ, ಅಂದರೆ ಅಂತರ ನೋಡಲು ಮಾಡುವ ತಾತ್ಕಾಲಿಕ ಜೋಡಣೆ. ರಿಂಗ್ ಹಾಕದೆ ಕ್ರ್ಯಾಂಕ್, ರಾಡ್, ಪಿಸ್ಟನ್, ಕ್ಯಾಮ್, ಟೈಮಿಂಗ್ ಚೈನ್ ಕೂರಿಸಿ ಕೈಯಿಂದ ನಿಧಾನ ತಿರುಗಿಸಿ. ರಾಡ್ ಬೋಲ್ಟಿನ ತಲೆ ಆಯಿಲ್ ಪ್ಯಾನ್ ರೇಲಿಗೂ ಬೋರಿನ ಕೆಳ ಅಂಚಿಗೂ ತಗುಲುವ ಜಾಗದಲ್ಲಿ ಫೀಲರ್ ಗೇಜ್ ತೂರಿಸಿ: 0.060 ಇಂಚು ಸಿಗಬೇಕು. ಸಿಗದಿದ್ದರೆ ಗುರುತು ಹಾಕಿ ಡೈ ಗ್ರೈಂಡರಿನಿಂದ ಸ್ವಲ್ಪ ಸ್ವಲ್ಪವೇ ತೆಗೆಯಿರಿ, ಪ್ರತಿ ಸಲ ಅಳೆಯಿರಿ. ಅತಿಯಾದರೆ ವಾಟರ್ ಜಾಕೆಟ್ ತೂತಾಗಿ ಬ್ಲಾಕ್ ಗುಜರಿಗೆ. ಎಂಟೂ ರಾಡುಗಳಿಗೂ ಕ್ಯಾಮ್ ಲೋಬಿಗೂ ನಡುವೆಯೂ ಅಷ್ಟೇ ಅಂತರ ನೋಡಿ. ಚೈನ್ ಇಲ್ಲದೆ ಈ ಪರೀಕ್ಷೆಗೆ ಅರ್ಥವಿಲ್ಲ, ಏಕೆಂದರೆ ಕ್ಯಾಮ್ ಟೈಮಿಂಗ್ ಬದಲಾದರೆ ಅಂತರವೂ ಬದಲಾಗುತ್ತದೆ. ಜಾಗ ಸಾಲದಿದ್ದರೆ ಲೋಬಿನ ಬುಡದ ವೃತ್ತ ಚಿಕ್ಕದಿರುವ ಸ್ಮಾಲ್ ಬೇಸ್ ಸರ್ಕಲ್ ಕ್ಯಾಮ್ ತನ್ನಿ.

ಗ್ರೈಂಡಿಂಗ್ ಎಲ್ಲ ಮುಗಿದ ಮೇಲೆಯೇ ಬ್ಲಾಕ್ ತೊಳೆಯಿರಿ. ಬಿಸಿ ಸೋಪು ನೀರು, ಉದ್ದ ಬ್ರಷ್, ಆಯಿಲ್ ಗ್ಯಾಲರಿ ಪ್ಲಗ್ ಬಿಚ್ಚಿಟ್ಟು. ಬಿಳಿ ಬಟ್ಟೆ ಬೋರಿನಲ್ಲಿ ಒರೆಸಿದರೆ ಬೆಳ್ಳಗೇ ಹೊರಬರಬೇಕು.

ಬ್ಯಾಲೆನ್ಸಿಂಗ್ ಬಿಡಲೇಬೇಡಿ. ಎಕ್ಸ್‌ಟರ್ನಲ್ ಬ್ಯಾಲೆನ್ಸ್ ಕ್ರ್ಯಾಂಕಿಗೆ (ಸಮತೋಲದ ತೂಕದ ಒಂದು ಭಾಗ ಹೊರಗೆ ಇರುವಂಥದ್ದು) ಅದಕ್ಕೇ ಹೊಂದುವ ಡ್ಯಾಂಪರ್ (ಕ್ರ್ಯಾಂಕಿನ ಮುಂತುದಿಯ ಚಕ್ರ), ಫ್ಲೈವೀಲ್ ಬೇಕು. 350ರ ಹಳೆ ಡ್ಯಾಂಪರ್ ಹಾಕಿದರೆ ಎಂಜಿನ್ ನಡುಗಿ ಬೇರಿಂಗ್ ತಿನ್ನುತ್ತದೆ.

ಮೇನ್ ಬೇರಿಂಗ್ ಅಂತರ 0.0025 ಇಂಚಿನ ಹತ್ತಿರ, ಮೇಲಿನ ರಿಂಗ್ ಗ್ಯಾಪ್ ಸುಮಾರು 0.018. ರಾಡ್ ಬೋಲ್ಟಿಗೆ ತಯಾರಕರು ಹೇಳಿದ ಟಾರ್ಕನ್ನೇ ಕೊಡಿ.

ಸ್ಟಾರ್ಟ್ ಮಾಡುವ ಮೊದಲು ಡಿಸ್ಟ್ರಿಬ್ಯೂಟರ್ ತೆಗೆದು ಪ್ರೈಮಿಂಗ್ ರಾಡ್, ಡ್ರಿಲ್ ಬಳಸಿ ಆಯಿಲ್ ಪಂಪ್ ತಿರುಗಿಸಿ. ಹದಿನಾರೂ ರಾಕರ್‌ಗಳಲ್ಲಿ ಎಣ್ಣೆ ಕಾಣಬೇಕು. ಫ್ಲಾಟ್ ಟ್ಯಾಪೆಟ್ ಕ್ಯಾಮ್ (ರೋಲರ್ ಇಲ್ಲದ ಲಿಫ್ಟರ್ ಉಜ್ಜುವಂಥದ್ದು) ಆದರೆ ಜಿಂಕ್ ಹೆಚ್ಚಿರುವ ಬ್ರೇಕ್ ಇನ್ ಆಯಿಲ್ ತುಂಬಿ, ಹೊತ್ತಿದ ಕೂಡಲೇ 2000ರಿಂದ 2500 ಆರ್‌ಪಿಎಂನಲ್ಲಿ 20 ನಿಮಿಷ ಓಡಿಸಿ; ಐಡಲಿಗೆ ಇಳಿಸಬೇಡಿ. ಬಳಿಕ ಎಣ್ಣೆ ಇಳಿಸಿ, ಫಿಲ್ಟರ್ ಕತ್ತರಿಸಿ, ಮಡಿಕೆಗಳನ್ನು ಬಿಡಿಸಿ ಬೇರಿಂಗ್ ಲೋಹದ ಚೂರು ಇದೆಯೇ ನೋಡಿ.