ಬೀಗದಕೈ ನೀರುಗಂಟಿ ಕೈಗೆ ಬಂದದ್ದು

ಮಗಳಿಗೆ ಹೋರಾಟ ಮಾಡೋದನ್ನು ಕಲಿಸುತ್ತೇನೆ ಅಂದಾಗ ನಮ್ಮನೆಯಲ್ಲಿ ಯಾರೂ ನಂಬಿರಲಿಲ್ಲ. "ಏಳನೇ ಕ್ಲಾಸಿನ ಹುಡುಗಿಗೆ ಹೋರಾಟ ಯಾಕ್ರೀ, ಮೊದಲು ಲೆಕ್ಕ ಕಲಿಸಿ" ಅಂತ ಹೆಂಡತಿ. ಪಕ್ಕದ ತೋಟದವರಂತೂ "ನಿಮ್ಮ ಮಗಳು ಯಾವಾಗ ಧರಣಿ ಕೂರೋದು?" ಅಂತ ಸಂತೆಯಲ್ಲೇ ನಗುತ್ತಿದ್ದರು. ಈಗ ನಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ದಾರಿ ಸಿಗುವ ಮುಂಚೆ ಏಳೆಂಟು ಸಾವಿರ ಹಾಳಾಯಿತು. ಮೊದಲು ಮೂಡಿಗೆರೆಯಿಂದ ಕುದುರೆಮುಖಕ್ಕೆ ಕರೆದುಕೊಂಡು ಹೋದೆ. 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಆಗಿದ್ದು, 2005ರ ಕೊನೆಗೆ ಅಲ್ಲಿನ ಕಬ್ಬಿಣದ ಅದಿರಿನ ಗಣಿ ನಿಂತಿದ್ದು, ಜನ ಎಷ್ಟು ವರ್ಷ ಬಡಿದಾಡಿದರು ಅನ್ನೋದು, ಎಲ್ಲಾ ದಾರಿಯುದ್ದಕ್ಕೂ ಒದರಿದೆ. ಪೂರ್ತಿ ಕೇಳಿ, "ಅವರು ಗೆದ್ದಾಯ್ತಲ್ಲಪ್ಪ, ಈಗ ನಾನೇನು ಮಾಡ್ಲಿ?" ಅಂದಳು. ಆ ದಿನದ್ದು ಅವಳಿಗೆ ಇವತ್ತಿಗೂ ನೆನಪಿರೋದು ಕೊಟ್ಟಿಗೆಹಾರದ ನೀರುದೋಸೆ.

ಆಮೇಲೆ ನಾನೇ ಒಂದು ವಿಷಯ ಆರಿಸಿಕೊಟ್ಟೆ, ಪ್ಲಾಸ್ಟಿಕ್. ಸಾವಿರದ ನಾನೂರೋ ಏನೋ ಕೊಟ್ಟು ಬ್ಯಾನರ್ ಮಾಡಿಸಿದೆ. "ಅಪ್ಪ, ಇದೂ ಪ್ಲಾಸ್ಟಿಕ್ಕೇ ಅಲ್ವಾ?" ಅದೀಗ ಸೌದೆ ಕೊಟ್ಟಿಗೆ ಮೇಲಿದೆ, ಮಳೆಗೆ ಚೆನ್ನಾಗಿ ತಡೆಯುತ್ತದೆ. ಬೇಸಿಗೆ ಶಿಬಿರಕ್ಕೆ ನಾಲ್ಕೂವರೆ ಸಾವಿರ ಕಟ್ಟಿದೆ, ಒಂದು ಸರ್ಟಿಫಿಕೇಟ್ ಬಂತು.

ಜೂನ್ ತಿಂಗಳ ಒಂದು ಸಂಜೆ ಪೂರ್ತಿ ನೆನೆದು ಬಂದು ಬ್ಯಾಗು ಎಸೆದಳು. ಪಂಚಾಯ್ತಿ ಲೈಬ್ರರಿಯಲ್ಲಿ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ, ಕಾರ್ಡೂ ಕೊಟ್ಟಿದ್ದಾರೆ. ಆದರೆ ಸ್ಕೂಲು ಬಿಟ್ಟು ಇವರು ಬಂದು ಇಳಿಯುವ ಹೊತ್ತಿಗೆ ಯಾವಾಗಲೂ ಬೀಗ. ಪಂಚಾಯ್ತಿ ಅಧಿಕಾರಿ ಪಿಡಿಒಗೆ ಫೋನ್ ಮಾಡಲು ಮೊಬೈಲು ತೆಗೆದವನು ವಾಪಸ್ ಜೇಬಿಗೆ ಹಾಕಿದೆ. ನನ್ನ ವಿಧಾನ ಅಂತ ಏನಾದರೂ ಇದ್ದರೆ ಅದು ಇಷ್ಟೇ. ಜಗಳ ಅವಳದ್ದು, ಖರ್ಚೂ ಅವಳದ್ದು, ನಾನು ಬರೀ ಡ್ರೈವರ್. ವಾರಕ್ಕೆ ಮೂವತ್ತು ರೂಪಾಯಿ ಕೊಡುತ್ತಿದ್ದೆ, ಕಾಗದ, ಜೆರಾಕ್ಸ್, ಎಲ್ಲಾ ಅದರಲ್ಲೇ. ಹದಿನೈದು ದಿನ ಸುಮ್ಮನಿರಲು ಹೇಳಿದೆ, ಸಿಟ್ಟು ಆರಿದ ಮೇಲೂ ಬೇಕೆನಿಸಿದರೆ ಮಾತ್ರ ಮುಂದುವರಿಯೋದು. ಬೇಕೆನಿಸಿತು. ಇನ್ನೂ ನಾಲ್ಕು ಮಕ್ಕಳನ್ನು ಸೇರಿಸಿಕೊಂಡೇ ಬಂದಳು.

ಇದೇ ಪ್ರಯೋಗ ಹಾಸನದ ನನ್ನ ತಮ್ಮನ ಮಗನ ಮೇಲೂ ಮಾಡಿದೆ. ಕೊಟ್ಟ ದುಡ್ಡಲ್ಲಿ ಗೋಬಿ ತಿಂದು, ಹದಿನಾರನೇ ದಿನ "ಏನು ವಿಷಯ ದೊಡ್ಡಪ್ಪ?" ಅಂದ. ಆ ಹುಡುಗನಿಗೆ ಇನ್ನೂ ಏನೂ ಚುಚ್ಚಿಲ್ಲ, ಬಿಟ್ಟಿದ್ದೇನೆ.

ಲೈಬ್ರರಿ ತೆರೆದಿರಬೇಕಾದ ವೇಳೆ ಯಾವುದು ಅಂತ ಕೇಳಿ ಮಗಳ ಹೆಸರಲ್ಲೇ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿಸಿದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಅವಳದ್ದೇ. ಮೊದಲನೇದು ವಾಪಸ್ ಬಂತು: ನಮ್ಮ ರಾಜ್ಯದಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು, ಇವಳು ಮೂರು ಪುಟ ಗೋಳು ಬರೆದಿದ್ದಳು. ನನಗೆ ಗೊತ್ತಿತ್ತು, ಬೇಕಂತಲೇ ಹೇಳಿರಲಿಲ್ಲ. ಎರಡನೇದಕ್ಕೆ ಹೆಚ್ಚು ಕಡಿಮೆ ತಿಂಗಳಿಗೆ ಉತ್ತರ ಬಂತು, ಪುಟಕ್ಕೆ ಎರಡು ರೂಪಾಯಿ ಲೆಕ್ಕದಲ್ಲಿ ಮೂರು ಪುಟ. ಕಾಗದದ ಮೇಲಿನ ವೇಳೆ ಒಂದು, ಬಾಗಿಲ ಮೇಲೆ ಬರೆದಿದ್ದು ಇನ್ನೊಂದು.

ಗೆದ್ದೆವು ಅಂತ ಕುಣಿದರು. ಲೈಬ್ರರಿ ಮೇಡಂ ಮೇಲೆ ದೂರು ಬರೆದೂ ಆಯಿತು. ಕೊಡುವ ಮೊದಲು ಒಂದು ಸಲ ಅವರನ್ನೇ ಮಾತಾಡಿಸು ಅಂದೆ, ನಾನು ಬಾಯಿ ಹಾಕಿದ್ದು ಅಲ್ಲೊಂದೇ ಕಡೆ. ಹೋಗಿ ಬಂದವಳ ಮುಖ ಸಪ್ಪಗಿತ್ತು. "ಅವರ ಊರಿಗೆ ಕೊನೇ ಬಸ್ಸು ಐದೂ ಇಪ್ಪತ್ತಕ್ಕಂತೆ. ಮನೇಲಿ ಅತ್ತೆ ಹಾಸಿಗೆ ಹಿಡಿದಿದಾರಂತೆ." ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಬೆಳಿಗ್ಗೆ ನೋಡಿದರೆ ದೂರಿನ ಕಾಗದ ಒಲೆಯೊಳಗೆ. ಹೋರಾಟ ಮುಗೀತು ಅಂದುಕೊಂಡೆ. ಆದರೆ ಅವಳು ಹೊಸದಾಗಿ ಬರೆಯುತ್ತ ಕೂತಿದ್ದಳು. ಮೇಡಂ ಹೊತ್ತಿಗೆ ಸರಿಯಾಗಿ ಹೋಗಲಿ, ಹೇಗೂ ಪಂಚಾಯ್ತಿ ಕಟ್ಟಡಕ್ಕೆ ಬೀಗ ಹಾಕೋದು ಊರಿಗೆ ನೀರು ಬಿಡುವ ನೀರುಗಂಟಿ, ವಾರಕ್ಕೆ ಮೂರು ದಿನ ಲೈಬ್ರರಿ ಬೀಗದಕೈ ಅವರ ಹತ್ತಿರ ಇರಲಿ. ನನಗಂತೂ ಇದು ಹೊಳೆದಿರಲಿಲ್ಲ.

ನವೆಂಬರಿನ ಮಕ್ಕಳ ಗ್ರಾಮಸಭೆಯಲ್ಲಿ ಓದಿದಳು. ಅರೇಬಿಕಾ ಕುಯ್ಲು ಶುರುವಾಗಿತ್ತು, ಆಳುಗಳನ್ನು ಬಿಟ್ಟು ಹೋಗಿ ಹಿಂದಿನ ಬೆಂಚಲ್ಲಿ ಕೂತಿದ್ದೆ. ಧ್ವನಿ ನಡುಗಿತು, ನಡುವೆ ಒಂದು ಸಾಲೇ ಬಿಟ್ಟುಹೋಯಿತು. "ಪುಸ್ತಕ ಕಳೆದರೆ ಯಾರಮ್ಮ ಜವಾಬ್ದಾರಿ?" ಅಂತ ಒಬ್ಬ ಸದಸ್ಯರು ಕೇಳಿದ್ದಕ್ಕೆ ಐದೂ ಮಕ್ಕಳು ಕೈ ಎತ್ತಿದರು. ಆ ಸದಸ್ಯರನ್ನು ಒಪ್ಪಿಸಿದ ಬಗೆ ಬೇರೆಯೇ ಇದೆ, ಅದನ್ನಿಲ್ಲಿ ಬರೆಯುವುದಿಲ್ಲ; ಮುಂದೆಯೂ ಬೇಕಾಗುತ್ತದೆ.

ಡಿಸೆಂಬರಿಂದ ಮೂರು ದಿನ ಏಳು ಗಂಟೆವರೆಗೆ ತೆರೆದಿರುತ್ತದೆ. ಕರೆಂಟು ಹೋದಾಗ ಅಂತ ಐವರೂ ದುಡ್ಡು ಕೂಡಿಸಿ ಆರುನೂರು ಚಿಲ್ಲರೆಗೆ ಒಂದು ಎಮರ್ಜೆನ್ಸಿ ಲೈಟ್ ತಂದರು. ಅದರಲ್ಲಿ ಇನ್ನೂರು ನನ್ನಿಂದ ಸಾಲ. ಇನ್ನೂ ತೊಂಬತ್ತು ಬರಬೇಕು.