ಟೆಕ್ಸಸ್‌ನಲ್ಲಿ ಅಪ್ಪ-ಅಮ್ಮನಿಗೆ ಹುಷಾರು ತಪ್ಪಿದರೆ: ಫ್ರೀಸ್ಟ್ಯಾಂಡಿಂಗ್ ಇಆರ್‌ಗೋ, ಆಸ್ಪತ್ರೆಗೋ?

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಸುತ್ತಿನ ಬಡಾವಣೆಗಳಲ್ಲಿ ದಿನಸಿ, ಪಿಜ್ಜಾ ಅಂಗಡಿಗಳ ಸಾಲಿನಲ್ಲೇ ‘ಇಆರ್’ ಎಂಬ ದೊಡ್ಡ ಬೋರ್ಡು ಕಾಣುತ್ತದೆ. ಅದು ಫ್ರೀಸ್ಟ್ಯಾಂಡಿಂಗ್ ಇಆರ್, ಅಂದರೆ ಆಸ್ಪತ್ರೆಯ ಕಟ್ಟಡದಿಂದ ಬೇರೆಯಾಗಿರುವ ಎಮರ್ಜೆನ್ಸಿ ರೂಮ್. ಒಳಗೆ 24 ಗಂಟೆಯೂ ಡಾಕ್ಟರು, ನರ್ಸು, ಎಕ್ಸ್‌ರೇ, ಸಿಟಿ ಸ್ಕ್ಯಾನ್, ಲ್ಯಾಬ್ ಇರುತ್ತವೆ. ಆಪರೇಷನ್ ಥಿಯೇಟರ್, ಐಸಿಯು, ಸ್ಟೆಂಟ್ ಹಾಕುವ ಕ್ಯಾತ್ ಲ್ಯಾಬ್, ಅಡ್ಮಿಟ್ ಮಾಡಿಕೊಳ್ಳಲು ವಾರ್ಡು ಇರುವುದಿಲ್ಲ. ಎಲ್ಲಿಗೆ ಹೋಗಬೇಕು ಅನ್ನುವುದನ್ನು ಈ ಇಲ್ಲದವುಗಳಿಂದಲೇ ತೀರ್ಮಾನಿಸಿ.

ಎದೆ ಹಿಂಡಿ ಬೆವರುವುದು, ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು, ಉಸಿರು ಸಿಗದಿರುವುದು, ಪ್ರಜ್ಞೆ ತಪ್ಪುವುದು: ಇಂಥದ್ದಾದರೆ ಕಾರು ತೆಗೆಯಬೇಡಿ, 911ಕ್ಕೆ ಫೋನ್ ಮಾಡಿ. ಹಾರ್ಟ್ ಅಟ್ಯಾಕ್ ಆದವರು ಆಸ್ಪತ್ರೆಗೆ ಬಂದ 90 ನಿಮಿಷದೊಳಗೆ ಕಟ್ಟಿಕೊಂಡ ರಕ್ತನಾಳ ತೆರೆಯಬೇಕು ಎಂಬುದು ಗುರಿ. ಫ್ರೀಸ್ಟ್ಯಾಂಡಿಂಗ್‌ನಲ್ಲಿ ಇಸಿಜಿ ಆಗುತ್ತದೆ, ಸ್ಟೆಂಟ್ ಆಗುವುದಿಲ್ಲ. ಮತ್ತೊಂದು ಆಂಬುಲೆನ್ಸ್ ಕಾಯುವುದರಲ್ಲೇ ಹೊತ್ತು ಹೋಗುತ್ತದೆ. 911 ಸಿಬ್ಬಂದಿ ಇಸಿಜಿ ತೆಗೆದು, ಕ್ಯಾತ್ ಲ್ಯಾಬ್ ಇರುವ ಆಸ್ಪತ್ರೆಗೇ ಒಯ್ಯಬಲ್ಲರು. ಸ್ಟ್ರೋಕ್ ಅನುಮಾನವಿದ್ದರೆ ‘ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ’ ಎಂದು ಬರೆದಿಡಿ. ರಕ್ತದ ಗಡ್ಡೆ ಕರಗಿಸುವ ಔಷಧಿಗೆ ಸಾಮಾನ್ಯವಾಗಿ ಇರುವ 4.5 ಗಂಟೆಯ ಗಡುವನ್ನು ಆ ಸಮಯದಿಂದಲೇ ಎಣಿಸುತ್ತಾರೆ.

ಹೆರಿಗೆ ನೋವು, ಹೊಟ್ಟೆಯ ಬಲ ಕೆಳಭಾಗದಲ್ಲಿ ಏರುತ್ತಲೇ ಹೋಗುವ ನೋವು, ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚಿನ ಜ್ವರ ಇದ್ದರೂ ನೇರ ಆಸ್ಪತ್ರೆಗೇ ಹೋಗಿ. ಶುಗರ್, ಹೃದಯದ ಕಾಯಿಲೆ ಇರುವ ಹಿರಿಯರಿಗೆ ಅಡ್ಮಿಟ್ ಆಗಬಹುದು ಅನ್ನಿಸಿದರೂ ಅಷ್ಟೇ.

ಮಣಿಕಟ್ಟು ಮುರಿದಿದ್ದು, ಹೊಲಿಗೆ ಬೇಕಾದ ಗಾಯ, ವಾಂತಿಯಿಂದ ಸುಸ್ತಾಗಿ ಡ್ರಿಪ್ ಬೇಕಾದದ್ದು, ಕಿಡ್ನಿ ಕಲ್ಲಿನ ನೋವು, ಇವಕ್ಕೆ ಫ್ರೀಸ್ಟ್ಯಾಂಡಿಂಗ್ ಒಳ್ಳೆಯ ಜಾಗವೇ. ಗಂಟಲು ನೋವು, ಉಳುಕು, ಉರಿಮೂತ್ರಕ್ಕೆ ಅರ್ಜೆಂಟ್ ಕೇರ್ (ಸಣ್ಣಪುಟ್ಟ ತೊಂದರೆಗಳನ್ನು ನೋಡುವ ಕ್ಲಿನಿಕ್) ಸಾಕು. ಜನ ಹೆಚ್ಚು ಏಮಾರುವುದು ಇಲ್ಲೇ, ಎರಡೂ ಕಟ್ಟಡ ನೋಡಲು ಒಂದೇ ಥರ. ಕೌಂಟರಿನಲ್ಲಿ ‘ಇದು ಅರ್ಜೆಂಟ್ ಕೇರೋ, ಎಮರ್ಜೆನ್ಸಿ ರೂಮೋ?’ ಎಂದು ಕೇಳಿ. ತಾನು ಫ್ರೀಸ್ಟ್ಯಾಂಡಿಂಗ್ ಇಆರ್, ಆಸ್ಪತ್ರೆ ಇಆರ್‌ನಷ್ಟೇ ದರ, ಫೆಸಿಲಿಟಿ ಫೀ (ಜಾಗ, ಸೌಲಭ್ಯ ಬಳಸಿದ್ದಕ್ಕೆ ಹಾಕುವ ಶುಲ್ಕ) ಕೂಡ ಇರಬಹುದು ಎಂಬ ನೋಟಿಸನ್ನು ಟೆಕ್ಸಸ್ ಕಾನೂನಿನಂತೆ ಅಲ್ಲಿ ಹಾಕಿರಲೇಬೇಕು. ಡಾಕ್ಟರ ಬಿಲ್ ಬೇರೆ ಬರಬಹುದು.

ಒಡೆತನವನ್ನೂ ಮುಂಚೆಯೇ ವಿಚಾರಿಸಿಡಿ. ಆಸ್ಪತ್ರೆಯ ಶಾಖೆಯಾಗಿರುವ ಇಆರ್‌ನಲ್ಲಿ ಮೆಡಿಕೇರ್ (ಮುಖ್ಯವಾಗಿ 65 ದಾಟಿದವರಿಗಿರುವ ಸರ್ಕಾರಿ ಇನ್ಶೂರೆನ್ಸ್) ನಡೆಯುತ್ತದೆ. ಸ್ವತಂತ್ರ ಇಆರ್‌ಗಳಿಗೆ ಮೆಡಿಕೇರ್ ಹಣ ಕೊಡುವುದಿಲ್ಲ. ಕೋವಿಡ್ ಕಾಲದ ವಿನಾಯಿತಿ 2023ರ ಮೇ ತಿಂಗಳಲ್ಲಿ ಮುಗಿಯಿತು. ‘ಎಲ್ಲ ಇನ್ಶೂರೆನ್ಸ್ ತೆಗೆದುಕೊಳ್ಳುತ್ತೇವೆ’ ಅಂದ ಮಾತ್ರಕ್ಕೆ ಇನ್-ನೆಟ್‌ವರ್ಕ್ (ನಿಮ್ಮ ಇನ್ಶೂರೆನ್ಸ್ ಜೊತೆ ದರದ ಒಪ್ಪಂದ ಇರುವ ಜಾಗ) ಎಂದಲ್ಲ. ಕಂಪನಿಯ ಇನ್ಶೂರೆನ್ಸ್ ಇರುವವರಿಗೆ 2022ರಿಂದ ಜಾರಿಯಲ್ಲಿರುವ ನೋ ಸರ್ಪ್ರೈಸಸ್ ಆ್ಯಕ್ಟ್ ಎರಡೂ ಬಗೆಯ ಇಆರ್‌ಗಳಲ್ಲಿ ನೆಟ್‌ವರ್ಕ್ ಹೊರಗಿನ ಅನಿರೀಕ್ಷಿತ ಬಿಲ್‌ನಿಂದ ರಕ್ಷಣೆ ಕೊಡುತ್ತದೆ, ಆದರೆ ರಸ್ತೆ ಆಂಬುಲೆನ್ಸ್ ಅದರ ವ್ಯಾಪ್ತಿಯಲ್ಲಿಲ್ಲ. ಊರಿಂದ ಬಂದ ತಂದೆತಾಯಿಗೆ ಕೊಂಡ ವಿಸಿಟರ್ ಇನ್ಶೂರೆನ್ಸ್‌ಗಂತೂ ಈ ಕಾನೂನು ಅನ್ವಯಿಸುವುದೇ ಇಲ್ಲ. ಫಿಕ್ಸೆಡ್ ಬೆನಿಫಿಟ್ ಪಾಲಿಸಿಯಾದರೆ ಅದು ಇಷ್ಟೇ ಎಂದು ಗೊತ್ತುಮಾಡಿದ ಮೊತ್ತ ಕೊಡುತ್ತದೆ, ಉಳಿದದ್ದು ನಿಮ್ಮ ಜೇಬಿನಿಂದ.

ಫ್ರೀಸ್ಟ್ಯಾಂಡಿಂಗ್‌ನಲ್ಲಿ ‘ಅಡ್ಮಿಟ್ ಮಾಡಬೇಕು’ ಅಂದರೆ ಹೀಗೆ ಕೇಳಿ: ಯಾವ ಆಸ್ಪತ್ರೆಗೆ? ಬೆಡ್ ಖಚಿತವಾಗಿದೆಯೇ? ಬೇಕಾದ ಸ್ಪೆಷಲಿಸ್ಟ್ ಅಲ್ಲಿದ್ದಾರೆಯೇ? ನಮ್ಮ ನೆಟ್‌ವರ್ಕ್‌ನಲ್ಲಿದೆಯೇ? ಬೇರೆ ಆಸ್ಪತ್ರೆ ಬೇಕಿದ್ದರೆ ಆಗಲೇ ಹೇಳಿ. ಸ್ಕ್ಯಾನ್ ಚಿತ್ರಗಳು, ರಿಪೋರ್ಟುಗಳು ಜೊತೆಗೇ ಹೋಗಲಿ. ಹೋಗದಿದ್ದರೆ ಅಲ್ಲಿ ಮತ್ತೆ ಸ್ಕ್ಯಾನ್ ಮಾಡಿಸಬೇಕಾದೀತು. ಆಂಬುಲೆನ್ಸ್ ಖರ್ಚಿಗೆ ಹೆದರಿ, ಡಾಕ್ಟರು ಒಪ್ಪದೆ, ನಿಮ್ಮ ಕಾರಿನಲ್ಲಿ ಕರೆದೊಯ್ಯಬೇಡಿ.

ಇಷ್ಟು ಇವತ್ತೇ ಮಾಡಿಡಿ: ಮಾತ್ರೆಗಳ ಪಟ್ಟಿಯನ್ನು ಬ್ರ್ಯಾಂಡ್ ಹೆಸರಿನಲ್ಲಲ್ಲ, ಔಷಧಿಯ ಹೆಸರಿನಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಅಮೆರಿಕದ ನರ್ಸಿಗೆ ‘ಡೋಲೋ’, ‘ಎಕೋಸ್ಪ್ರಿನ್’ ಅರ್ಥವಾಗದು. ಅಸೆಟಮಿನೋಫೆನ್ 650 ಮಿ.ಗ್ರಾಂ, ಆಸ್ಪಿರಿನ್ 75 ಮಿ.ಗ್ರಾಂ ಎಂದಿರಲಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಅದನ್ನೇ ಮೊದಲು ಬರೆಯಿರಿ. ಆಸ್ಪತ್ರೆಯಲ್ಲಿ ‘ಕನ್ನಡ ಇಂಟರ್‌ಪ್ರಿಟರ್’ ಕೇಳಿ, ಅದು ಉಚಿತ. ಅಜ್ಜಿಯ ನೋವನ್ನು ಹತ್ತು ವರ್ಷದ ಮೊಮ್ಮಗನಿಂದ ಅನುವಾದ ಮಾಡಿಸುವುದು ಬೇಡ.

ಬಿಲ್ ಬಂದ ತಕ್ಷಣ ಕಟ್ಟದೆ ಐಟಮೈಸ್ಡ್ ಬಿಲ್ (ಪ್ರತಿ ಖರ್ಚನ್ನೂ ಬೇರೆಬೇರೆಯಾಗಿ ತೋರಿಸುವ ಬಿಲ್) ತರಿಸಿಕೊಳ್ಳಿ. ಲಾಭರಹಿತ ಆಸ್ಪತ್ರೆಯಾದರೆ, ಚಿಕಿತ್ಸೆ ಮುಗಿದ ಮೇಲೆ ಬಂದ ಮೊದಲ ಬಿಲ್‌ನಿಂದ 240 ದಿನದವರೆಗೆ ಆರ್ಥಿಕ ನೆರವಿಗೆ ಅರ್ಜಿ ಹಾಕಬಹುದು.