ಡೊಮ್ ಬೆಟ್ಟಕ್ಕೆ ಸೈಕಲ್ ಏರಿಸುವ ಬಗೆ

ಫ್ರಾನ್ಸಿನ ಡೋರ್ಡೋನ್ ಕಣಿವೆಗೆ ಹೋದರೆ ಸಾರ್ಲಾ ಪಟ್ಟಣದಿಂದ ಬೆಳಿಗ್ಗೆ ಬೇಗ ಹೊರಡಿ. ಬುಧವಾರ, ಶನಿವಾರ ಅಲ್ಲಿ ಸಂತೆ. ಹಳೆಯೂರಿನ ಓಣಿಗಳಲ್ಲಿ ಸೈಕಲ್ ನುಸುಳುವುದೇ ಕಷ್ಟ. ‘ಡಿ’ ಸಂಖ್ಯೆಯ, ಅಂದರೆ ಜಿಲ್ಲಾ ಮಟ್ಟದ, ಸಣ್ಣ ರಸ್ತೆಗಳನ್ನೇ ಹಿಡಿಯಿರಿ. ನದಿ ದಾಟಿದ ಮೇಲೆ ಡೊಮ್ ಏರು ಎದುರಾಗುತ್ತದೆ. ಕಾಲು ಸೋಲುವ ಮೊದಲೇ ಹಗುರ ಗೇರಿಗೆ ಬನ್ನಿ. ಹಿಂಬದಿಯಲ್ಲಿ 32 ಹಲ್ಲಿನ ಚಕ್ರವಿದ್ದರೆ ಮಂಡಿಗೆ ಸುಖ. ಎದ್ದು ನಿಲ್ಲದೆ, ಸೀಟಿನಲ್ಲಿ ಕೂತೇ ಉಸಿರಿನ ಲಯಕ್ಕೆ ತುಳಿಯಿರಿ.

ಮೇಲಿರುವುದು 1281ರಲ್ಲಿ ಸ್ಥಾಪನೆಯಾದ ಕೋಟೆಯೂರು ಡೊಮ್. ಪೋರ್ತ್ ದೆ ತೂರ್ ಹೆಬ್ಬಾಗಿಲಲ್ಲಿ ಇಳಿದು ನಿಲ್ಲಲೇಬೇಕು. ಅದರ ಬುರುಜುಗಳಲ್ಲಿ ಟೆಂಪ್ಲರ್ ಎಂಬ ಮಧ್ಯಯುಗದ ಕ್ರೈಸ್ತ ಸನ್ಯಾಸಿ ಪಂಥದ ಯೋಧರನ್ನು ಸೆರೆಯಿಟ್ಟಿದ್ದರು. ನದಿಯ ನೋಟಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಆ ಕಲ್ಲುಗಳೇ.

ನೀರಿಗೆ ಹಳ್ಳಿಗಳ ಸ್ಮಶಾನದ ನಲ್ಲಿ ಹುಡುಕಿ. ‘ನೋ ಪೊತಾಬ್ಲ್’ ಎಂದು ಬರೆದಿದ್ದರೆ ಕುಡಿಯಬೇಡಿ. ಇಳಿಜಾರಿನಲ್ಲಿ ತಿರುವಿಗೆ ಮುಂಚೆಯೇ ಎರಡೂ ಬ್ರೇಕ್ ಹಿಡಿದು ವೇಗ ತಗ್ಗಿಸಿ, ತಿರುವಿನೊಳಗೆ ಬ್ರೇಕಿನ ಹಿಡಿತ ಸಡಿಲಿಸಿ.